ಪಾಲೊಮಾನಿ ಘಾಟಿಯ ಈಚೆಗೆ

ಲಿಮಾ

ನಾವು ಪೆರು ದೇಶಕ್ಕೆ ಹೋದದ್ದು ಬೆಟ್ಟ ಹತ್ತುವುದಕ್ಕಲ್ಲ, ಲೇತ್ ಯಂತ್ರಗಳನ್ನು ಕೂರಿಸುವುದಕ್ಕೆ. ರಾಜಾಜಿನಗರದಲ್ಲಿದ್ದ ನಮ್ಮ ಕಾರ್ಖಾನೆ ಲಿಮಾ ನಗರದ ಒಂದು ವರ್ಕ್‌ಶಾಪಿಗೆ ಯಂತ್ರಗಳನ್ನು ಕಳಿಸಿತ್ತು. ಅವನ್ನು ಪೆಟ್ಟಿಗೆಯಿಂದ ಬಿಡಿಸಿ, ಮಟ್ಟಸವಾಗಿ ಕೂರಿಸಿ, ಅಲ್ಲಿನ ಕೆಲಸಗಾರರಿಗೆ ಓಡಿಸಲು ಕಲಿಸಿ ಬರಲು ಇಬ್ಬರು ಬೇಕಾಗಿದ್ದರು. ಫಿಟ್ಟರ್ ಮಹಾದೇವಪ್ಪನನ್ನೂ ಎಲೆಕ್ಟ್ರಿಷಿಯನ್ ಆದ ನನ್ನನ್ನೂ ಆರಿಸಿದರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಿಜಯನಗರದ ನಮ್ಮ ಬೀದಿಯಲ್ಲಿ ಫೋನಿದ್ದ ಮನೆಗಳೇ ಎರಡು. ಪೆರು ಎಲ್ಲಿದೆ ಅಂತ ನನ್ನ ಹೆಂಡತಿ ಕಮಲ ಮಗಳ ಶಾಲೆಯ ಅಟ್ಲಾಸ್ ತೆಗೆದು ಹುಡುಕಿದಳು. ಆಮೇಲೆ, "ಇದಕ್ಕಿಂತ ದೂರ ಹೋದ್ರೆ ವಾಪಸ್ ಬರೋ ದಾರೀಲೇ ಇರ್ತೀರಿ ಬಿಡಿ," ಅಂದಳು.

ಮಹಾದೇವ ದಾವಣಗೆರೆ ಕಡೆಯವನು. ಇಪ್ಪತ್ತನೇ ವಯಸ್ಸಿಗೆ ಬೆಂಗಳೂರಿಗೆ ಬಂದು, ಬಸವೇಶ್ವರನಗರದಲ್ಲಿ ಮನೆ ಮಾಡಿಕೊಂಡಿದ್ದ. ನನಗಿಂತ ಮೂರು ವರ್ಷ ದೊಡ್ಡವನಾದರೂ ನಮ್ಮಲ್ಲಿ ಏಕವಚನವೇ. ಭಾನುವಾರ ಬಂತೆಂದರೆ ಇಬ್ಬರೂ ಬುತ್ತಿ ಕಟ್ಟಿಕೊಂಡು ಶಿವಗಂಗೆಗೋ ರಾಮನಗರದ ಬಂಡೆಗಳಿಗೋ ಹೋಗುತ್ತಿದ್ದೆವು. ಅವನು ಮುಂದೆ, ನಾನು ಹಿಂದೆ. ಹದಿನೈದು ವರ್ಷದಲ್ಲಿ ಈ ಸಾಲು ಒಮ್ಮೆಯೂ ಬದಲಾಗಿರಲಿಲ್ಲ. ಇಪ್ಪತ್ತೈದರ ವಯಸ್ಸಿನಲ್ಲಿ ಅವನಿಗೆ ಹಿಮಾಲಯದಲ್ಲಿ ಪರ್ವತಾರೋಹಣದ ತರಬೇತಿಗೆ ಸೀಟು ಸಿಕ್ಕಿತ್ತಂತೆ. ಹೊರಡುವ ವಾರ ಅಪ್ಪ ತೀರಿಕೊಂಡರು. ಹಿರಿಯ ಮಗ, ತಮ್ಮಂದಿರ ಓದು, ತಂಗಿಯರ ಮದುವೆ. ಹಿಮಾಲಯ ಅಲ್ಲೇ ಉಳಿಯಿತು.

"ಒಂದ್ಸಲ ಐದು ಸಾವಿರ ಮೀಟರ್ ಮೇಲೆ ನಿಂತ್ಕೋಬೇಕು ಕಣೋ ಸೀನ," ಎಂದು ಅವನು ಲಿಮಾದ ಬಾಡಿಗೆ ಕೋಣೆಯಲ್ಲಿ ಮಲಗಿಕೊಂಡು ಹೇಳುತ್ತಿದ್ದ. "ಶಿಖರ ಗಿಖರ ಬೇಡ. ಸುಮ್ನೆ ಒಂದು ಘಾಟಿ ದಾಟಿದ್ರೆ ಸಾಕು. ಆಮೇಲೆ ಸಾಯೋವರೆಗೂ ಸ್ಪ್ಯಾನರ್ ಹಿಡ್ಕೊಂಡಿರ್ತೀನಿ."

ಲಿಮಾದಲ್ಲಿ ಎಂಟು ತಿಂಗಳಿದ್ದರೂ ನಮಗೆ ಬೆಟ್ಟ ಕಾಣಲಿಲ್ಲ. ಕಡಲಿನಿಂದ ಎದ್ದ ಮಂಜು ಊರಿನ ಮೇಲೆ ಬೂದಿ ಬಣ್ಣದ ಕಂಬಳಿಯಂತೆ ಮುಚ್ಚಿಕೊಂಡಿರುತ್ತದೆ. ಆದರೆ ಮಳೆ ಬರುವುದಿಲ್ಲ. ಕೊಡೆ ಮಾರುವ ಒಂದು ಅಂಗಡಿಯೂ ಇಲ್ಲದ ಊರನ್ನು ನಾನು ಮೊದಲ ಸಲ ಕಂಡದ್ದು ಅಲ್ಲಿ. ನಮ್ಮ ಜೊತೆ ಕೆಲಸ ಮಾಡುತ್ತಿದ್ದವರು ನಾವು ಮಾಂಸ ತಿನ್ನುವುದಿಲ್ಲ ಎಂದಾಗ ಬೇಸರಪಟ್ಟುಕೊಂಡು, ಮಾರನೇ ದಿನ ಪ್ರೀತಿಯಿಂದ ಕೋಳಿ ತಂದರು. ಕೋಳಿ ಅವರ ಲೆಕ್ಕದಲ್ಲಿ ತರಕಾರಿಗೆ ಹತ್ತಿರದ ಪದಾರ್ಥ. ಮಹಾದೇವ ಎಂಟು ತಿಂಗಳು ಆಲೂಗಡ್ಡೆ, ಅನ್ನ ಮತ್ತು ಗಿರಿಜ ಕಟ್ಟಿ ಕಳಿಸಿದ್ದ ಶೇಂಗಾ ಚಟ್ನಿಪುಡಿಯಲ್ಲಿ ಕಳೆದ. ಗಿರಿಜ ಎಂದರೆ ಅವನ ಹೆಂಡತಿ.

ಸೆಪ್ಟೆಂಬರ್ ಕೊನೆಗೆ ಕೆಲಸ ಮುಗಿಯಿತು. ಕಾರ್ಖಾನೆಗೆ ತಂತಿ ಕಳಿಸಿ ಮೂರು ತಿಂಗಳ ರಜೆ ಕೇಳಿದೆವು. ಸಂಬಳವಿಲ್ಲದ ರಜೆ ಮಂಜೂರಾಯಿತು. ಯಾರೋ ಬಳಸಿ ಬಿಟ್ಟ ಎರಡು ಕ್ಯಾನ್ವಾಸ್ ಬೆನ್ನುಚೀಲ, ಒಂದು ಡೇರೆ, ಎರಡು ಮಲಗುಚೀಲ ಸಂಪಾದಿಸಿಕೊಂಡು, ವಿಮಾನದ ಬದಲು ಬಸ್ಸು ಹತ್ತಿದೆವು. ಖಂಡದ ಬೆನ್ನುಮೂಳೆಯಂತಿರುವ ಆಂಡಿಸ್ ಪರ್ವತಗಳ ಪಕ್ಕದಲ್ಲೇ ದಕ್ಷಿಣದ ತುದಿಯವರೆಗೆ ಹೋಗುವುದು, ದಾರಿಯಲ್ಲಿ ನಡೆಯುವುದು, ಇಷ್ಟೇ ನಮ್ಮ ಯೋಜನೆ.

ಟಿಂಕಿ

ಸಮುದ್ರದ ದಡದಿಂದ ಮೇಲೆ ಹೋಗುವವರು ಕುಸ್ಕೊ ಪಟ್ಟಣದಲ್ಲಿ ಒಂದು ವಾರ ಸುಮ್ಮನಿರಬೇಕು, ಮೈ ಎತ್ತರಕ್ಕೆ ಒಗ್ಗಬೇಕು ಎಂದು ಎಲ್ಲರೂ ಹೇಳಿದ್ದರು. ನಾವು ಇದ್ದದ್ದು ಎರಡು ದಿನ. ಮಳೆಗಾಲ ಹತ್ತಿರ ಬರುತ್ತಿದೆ ಎಂಬುದು ಮಹಾದೇವನ ವಾದ. ವಾದ ಸುಳ್ಳಲ್ಲ. ಆದರೆ ಹದಿನಾರು ವರ್ಷ ಕಾದವನಿಗೆ ಇನ್ನು ಐದು ದಿನ ಕಾಯಲು ಆಗಲಿಲ್ಲ ಎಂಬುದೇ ಹೆಚ್ಚು ನಿಜ.

ಟಿಂಕಿ ಎಂಬ ಹಳ್ಳಿಗೆ ಲಾರಿಯಲ್ಲಿ ಹೋಗಬೇಕು. ಆಲೂಗಡ್ಡೆ ಮೂಟೆ, ಕುರಿ, ದುಂಡು ಟೋಪಿಯ ಹೆಂಗಸರು, ಅವರ ನಡುವೆ ನಾವು. ಇಡೀ ಹಗಲು ನಿಂತೇ ಪ್ರಯಾಣ. ಹೆಂಗಸರು ಕೋಕಾ ಎಂಬ ಒಣ ಎಲೆಯನ್ನು ದವಡೆಗೆ ಒತ್ತಿಕೊಂಡು ಕೂತಿದ್ದರು. ನಮ್ಮೂರಿನ ಎಲೆಅಡಿಕೆಯಂತೆಯೇ, ಆದರೆ ಉಗುಳುವುದಿಲ್ಲ. ಒಬ್ಬಾಕೆ ಮೂರು ಎಲೆಗಳನ್ನು ಬೆರಳ ನಡುವೆ ಹಿಡಿದು, ದೇವರಿಗೆ ಅರ್ಪಿಸುವಂತೆ ದೂರದ ಬೆಟ್ಟದ ಕಡೆ ಉಫ್ ಎಂದು ಊದಿ, ಆಮೇಲೆ ಬಾಯಿಗೆ ಹಾಕಿಕೊಂಡಳು. ಮಹಾದೇವ ಆ ಕಡೆ ತಿರುಗಿದ. ಮೋಡ ಸರಿದು ಔಸಂಗಾತೆ ಪರ್ವತ ಕಾಣಿಸಿತು. ಬಿಳಿ, ಅಗಲ, ಆಕಾಶದ ಅರ್ಧ ಭಾಗ. ಲಾರಿಯಲ್ಲಿದ್ದವರೆಲ್ಲ ಹರಟೆ ಹೊಡೆಯುತ್ತಲೇ ಇದ್ದರು. ಅವನೊಬ್ಬನ ಕಣ್ಣಲ್ಲಿ ನೀರಿತ್ತು.

ಟಿಂಕಿಯಲ್ಲಿ ನಮಗೆ ತೊಮಾಸಾ ಸಿಕ್ಕಳು. ಐವತ್ತರ ಆಸುಪಾಸಿನ ಹೆಂಗಸು, ಎರಡು ಕುದುರೆಗಳ ಒಡತಿ. ಗಂಡ ಸತ್ತ ಮೇಲೆ ಸಾಮಾನು ಹೊರುವ ಕಸುಬನ್ನು ತಾನೇ ನಡೆಸುತ್ತಿದ್ದಳು. ಅವಳ ಮನೆಮಾತು ಕೆಚುವಾ. ಸ್ಪ್ಯಾನಿಷ್ ನಮ್ಮಷ್ಟೇ ಹರುಕುಮುರುಕು. ಹಾಗಾಗಿ ಮೂವರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಪರ್ವತವನ್ನು ಸುತ್ತು ಹಾಕಿ ಬರಲು ಐದು ದಿನ, ನಡುವೆ ಪಾಲೊಮಾನಿ ಎಂಬ ಘಾಟಿ, ಐದು ಸಾವಿರದ ನೂರು ಚಿಲ್ಲರೆ ಮೀಟರ್. ನಾವು ಅವಳನ್ನು ತೊಮಾಸಮ್ಮ ಎಂದು ಕರೆಯತೊಡಗಿದೆವು. "ಅಮ್ಮ" ಎಂದರೇನು ಎಂದು ಕೇಳಿ ತಿಳಿದುಕೊಂಡು, "ಇರಲಿ" ಎಂದಳು.

ಉಪಿಸ್

ಮೊದಲ ದಿನ ಹುಲ್ಲುಗಾವಲಿನಲ್ಲಿ ನಡೆದೆವು. ತೊಮಾಸಮ್ಮ ನಡೆಯುತ್ತಲೇ ಉಣ್ಣೆ ನೂಲುತ್ತಿದ್ದಳು. ಕೈಯಲ್ಲೊಂದು ಕದಿರುಕಡ್ಡಿ, ಅದು ಗಾಳಿಯಲ್ಲಿ ಗಿರಗಿರ ಸುತ್ತುತ್ತ ನೆಲದ ಹತ್ತಿರ ಇಳಿಯುವುದು, ಅವಳು ನೋಡದೆಯೇ ಎತ್ತಿ ಸುತ್ತಿಕೊಳ್ಳುವುದು. ನಮ್ಮಪ್ಪ ಬಿನ್ನಿಪೇಟೆಯ ಮಿಲ್ಲಿನಲ್ಲಿ ನೂಲುವ ವಿಭಾಗದಲ್ಲಿದ್ದವರು. ಸಾವಿರ ಕದಿರುಗಳ ಸದ್ದಿನಲ್ಲಿ ಮೂವತ್ತು ವರ್ಷ ನಿಂತು, ಮನೆಗೆ ಬಂದಾಗ ಅವರಿಗೆ ನಮ್ಮ ಮಾತು ಕೇಳುತ್ತಿರಲಿಲ್ಲ. ಇಲ್ಲಿ ಅದೇ ಕೆಲಸ ಸದ್ದೇ ಇಲ್ಲದೆ, ಹಿಮದ ಗೋಡೆಯ ಕೆಳಗೆ, ಒಬ್ಬ ಹೆಂಗಸಿನ ಕೈಯಲ್ಲಿ ನಡೆಯುತ್ತಿತ್ತು. ಎಳೆ ಎಲ್ಲಿಯೂ ತುಂಡಾಗಲಿಲ್ಲ. ಅಪ್ಪ ನೋಡಿದ್ದರೆ ಕದಿರನ್ನು ಈಸಿಕೊಂಡು ತೂಕ ನೋಡುತ್ತಿದ್ದರು.

ಉಪಿಸ್ ಎಂಬಲ್ಲಿ ಬಿಸಿನೀರಿನ ಬುಗ್ಗೆಯಿದೆ. ಬೆಳಿಗ್ಗೆ ಮಹಾದೇವ ಅದರಲ್ಲಿ ಸ್ನಾನ ಮಾಡಿ, ಬಂಡೆಯ ಮೇಲೆ ಕೂತು, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತ. ಮನೆಯಲ್ಲಾಗಲಿ ಲಿಮಾದಲ್ಲಾಗಲಿ ತಪ್ಪಿಸಿದವನಲ್ಲ. ತೊಮಾಸಮ್ಮ ಕುದುರೆಗೆ ಹಗ್ಗ ಬಿಗಿಯುತ್ತಿದ್ದವಳು ಅದನ್ನು ಕಂಡು, ಕೈ ನಿಲ್ಲಿಸಿ, ಟೋಪಿ ತೆಗೆದು ನಿಂತಳು. ಪೂಜೆ ಮುಗಿದ ಮೇಲೆ ಕೇಳಿದಳು:

"ಅದು ನಿನ್ನ ಬೆಟ್ಟವೋ?"

ಮಹಾದೇವ ಸ್ವಲ್ಪ ಯೋಚಿಸಿ, "ಹೌದು," ಎಂದ. ಆಮೇಲೆ ಕನ್ನಡದಲ್ಲಿ ನನಗೆ, "ತಪ್ಪೇನು ಹೇಳ್ಲಿಲ್ಲ ಅಲ್ವೇನೋ?" ಎಂದ.

"ಚಿಕ್ಕ ಬೆಟ್ಟವಾದರೆ ಒಳ್ಳೆಯದು. ಜೊತೆಯಲ್ಲಿ ಬರುತ್ತದೆ," ಎಂದಳು ತೊಮಾಸಮ್ಮ.

ಆ ದಿನ ಮೊದಲ ಘಾಟಿ ದಾಟಿದೆವು. ಅದು ಐದು ಸಾವಿರಕ್ಕೆ ಕಡಿಮೆ. ನಾನು ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದೆ. ಎಂದಿನಂತೆ ಮಹಾದೇವ ಮುಂದೆ. ಆದರೆ ಇಳಿಯುವಾಗ ನೋಡಿದರೆ ಅವನು ನನ್ನ ಹಿಂದಿದ್ದ.

ಕೆರೆಯ ದಡ

ಪಾಲೊಮಾನಿ ಘಾಟಿಯ ಬುಡದಲ್ಲಿ ಹಸಿರು ಬಣ್ಣದ ಒಂದು ಕೆರೆ. ಹಿಮನದಿಯ ತುಂಡುಗಳು ಆಗಾಗ ಅದರೊಳಗೆ ಬೀಳುತ್ತವೆ. ಮಧ್ಯಾಹ್ನವೇ ಅಲ್ಲಿಗೆ ತಲುಪಿ ಡೇರೆ ಹಾಕಿದೆವು. ತೊಮಾಸಮ್ಮ ಆಲೂಗಡ್ಡೆಯ ಸಾರು ಮಾಡಿದಳು. ಹಿಮದಲ್ಲಿಟ್ಟು, ಬಿಸಿಲಲ್ಲಿ ಒಣಗಿಸಿ, ಸಂಡಿಗೆಯಂತೆ ವರ್ಷಗಟ್ಟಲೆ ಇಡುವ ಕಪ್ಪು ಆಲೂಗಡ್ಡೆ ಅದು. ಮಹಾದೇವ ಬಟ್ಟಲು ಹಿಡಿದುಕೊಂಡು ಕೂತಿದ್ದ. ತೊಮಾಸಮ್ಮ ಕುದುರೆ ನೋಡಲು ಆ ಕಡೆ ಹೋದಾಗ ಸಾರನ್ನು ಕಲ್ಲುಗಳ ಸಂದಿಗೆ ಸುರಿದ.

"ಯಾಕೋ ಮಾದೇವ?"

"ತಲೆ ಸಿಡೀತಾ ಇದೆ ಕಣೋ. ಏನೂ ಸೇರ್ತಾ ಇಲ್ಲ."

"ಬೆಳಿಗ್ಗೆಯಿಂದಾನಾ?"

"ನಿನ್ನೆಯಿಂದ. ನೋಡು, ಆ ಯಮ್ಮಂಗೆ ಹೇಳ್ಬೇಡ. ಹೇಳಿದ್ರೆ ಕುದುರೆ ತಿರುಗಿಸ್ತಾಳೆ. ನಾಳೆ ಮೂರು ಗಂಟೆ ಹತ್ತಿದ್ರೆ ಮೇಲಿರ್ತೀವಿ. ಆಮೇಲೆ ಇಳಿಯೋದೇ ಅಲ್ವಾ?"

ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. "ಸರಿ," ಎಂದೆ. ಅವನ ಮೇಲಿನ ಪ್ರೀತಿಯಿಂದ ಹೇಳಿದೆ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅಷ್ಟೇ ಅಲ್ಲ. ನನಗೆ ತಲೆನೋವಿರಲಿಲ್ಲ. ಜೀವನದಲ್ಲಿ ಮೊದಲ ಸಲ ನಾನು ಅವನಿಗಿಂತ ಗಟ್ಟಿಯಾಗಿದ್ದೆ, ಮತ್ತು ಆ ಘಾಟಿ ಈಗ ನನಗೂ ಬೇಕಾಗಿತ್ತು. ತೊಮಾಸಮ್ಮ ಬಂದು ಖಾಲಿ ಬಟ್ಟಲು ನೋಡಿ, "ಚೆನ್ನಾಗಿ ತಿಂದನಾ?" ಎಂದಳು. ನಾನು ತಲೆಯಾಡಿಸಿದೆ.

ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಘಾಟಿಯ ಕೆಂಪು ಇಳಿಜಾರು, ಅದರ ಮೇಲೆ ಅಂಕುಡೊಂಕಾದ ದಾರಿ, ಎಲ್ಲವೂ ಕೈಗೆ ಸಿಗುವಷ್ಟು ಹತ್ತಿರ. ನಾನು ಡೇರೆಯಿಂದ ಹೊರಗೆ ಬಂದಾಗ ಮಹಾದೇವ ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಯೊಳಗೆ ಇಡುತ್ತಿದ್ದ. ಇಡಲು ಆಗುತ್ತಿರಲಿಲ್ಲ. ಬೆರಳುಗಳು ಕರಡಿಗೆಯ ಪಕ್ಕಕ್ಕೆ ಹೋಗುತ್ತಿದ್ದವು. ಮೈಕ್ರೋಮೀಟರ್ ಇಲ್ಲದೆ ಕೂದಲೆಳೆಯ ವ್ಯತ್ಯಾಸ ಹಿಡಿಯುತ್ತಿದ್ದ ಬೆರಳುಗಳು. ಚಿಕ್ಕಂದಿನಿಂದ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೆಲಸ. ಅವನು ನಾಲ್ಕು ಸಲ ಪ್ರಯತ್ನಿಸಿದ. ಐದನೇ ಸಲ ನಾನು ಹೋಗಿ ಕರಡಿಗೆಯನ್ನು ಹಿಡಿದುಕೊಂಡೆ. ಅವನು ನನ್ನನ್ನು ನೋಡಿ ನಕ್ಕ. ಆ ನಗುವಿನಲ್ಲಿ ಅವನಿರಲಿಲ್ಲ.

"ಮಾದೇವ, ಇವತ್ತು ಬೇಡ."

"ಏನು ಬೇಡ?"

"ಇಳಿಯೋಣ."

ಅವನು ಎದ್ದ. ಚೀಲ ಹೊರದೆ, ಕೋಲು ಹಿಡಿಯದೆ, ಘಾಟಿಯ ಕಡೆ ನಡೆಯತೊಡಗಿದ. ಕುಡಿದವನ ನಡಿಗೆ. ಕಾಲುಗಳು ಅಗಲ, ಮೈ ಎಡಕ್ಕೆ ವಾಲುತ್ತಿತ್ತು. ನಾನು ಹಿಂದೆ ಓಡಿದೆ. ಆ ಎತ್ತರದಲ್ಲಿ ಓಡುವುದೆಂದರೆ ನೀರಿನೊಳಗೆ ಓಡಿದಂತೆ. ನೂರು ಹೆಜ್ಜೆಯಾಗಿರಬಹುದು, ಅವನು ಒಂದು ಕಲ್ಲಿನ ಮೇಲೆ ಕೂತುಬಿಟ್ಟ. ನಾನು ಹತ್ತಿರ ಹೋದಾಗ ದಾರಿಯ ಕಡೆ ಕತ್ತು ಚಾಚಿ ಕೇಳಿದ:

"ಕೆಂಗೇರಿ ಬಸ್ ಹೋಯ್ತಾ ಸಾರ್?"

ನನ್ನನ್ನು ಸಾರ್ ಎಂದ. ಅಷ್ಟು ಮರ್ಯಾದೆಯಿಂದ, ಅಪರಿಚಿತರನ್ನು ಕೇಳುವ ಹಾಗೆ.

ತೊಮಾಸಮ್ಮ ಹಿಂದೆಯೇ ಬಂದಿದ್ದಳು. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ನೋಡಿದಳು. ಘಾಟಿಯ ಕಡೆ ಒಮ್ಮೆ ನೋಡಿದಳು. "ಕೆಳಗೆ. ಈಗಲೇ," ಎಂದಳು.

"ಡೇರೆ, ಸಾಮಾನು?"

"ಬಿಡು. ಬೆಟ್ಟ ಡೇರೆ ತಿನ್ನುವುದಿಲ್ಲ."

ಕೆಳಗೆ

ಬಂದ ದಾರಿಯಲ್ಲಿ ಹಿಂದಿರುಗಿದರೆ ಮತ್ತೆ ಹತ್ತಬೇಕು. ಹಾಗಾಗಿ ಕೆರೆಯ ನೀರು ಹರಿದುಹೋಗುವ ದಿಕ್ಕಿನಲ್ಲಿ, ಕಣಿವೆಯೊಳಗೆ ಇಳಿದೆವು. ಮಹಾದೇವನನ್ನು ಕುದುರೆಯ ಮೇಲೆ ಕೂರಿಸಿ, ತೊಮಾಸಮ್ಮ ತನ್ನ ಬೆನ್ನಿಗೆ ಕಟ್ಟಿಕೊಳ್ಳುವ ನೇಯ್ದ ವಸ್ತ್ರದಿಂದ ಅವನನ್ನು ತಡಿಗೆ ಬಿಗಿದಳು. ತಾನು ಮುಂದೆ ಹಗ್ಗ ಹಿಡಿದಳು; ಇನ್ನೊಂದು ಕುದುರೆ ತಾನಾಗಿ ಹಿಂಬಾಲಿಸಿತು; ನಾನು ಪಕ್ಕದಲ್ಲಿ ಅವನ ಸೊಂಟಕ್ಕೆ ಕೈ ಕೊಟ್ಟು ನಡೆದೆ. ಅವನು ಏನೇನೋ ಗೊಣಗುತ್ತಿದ್ದ. ತಂಗಿಯ ಮದುವೆಯ ಛತ್ರ, ಬೀಗದ ಕೈ, ಯಾರೋ ತಂದುಕೊಡದ ಪಂಚೆ. ಎರಡು ಸಲ ವಾಂತಿ ಮಾಡಿಕೊಂಡ. ಒಮ್ಮೆ ಸುಮ್ಮನಾದ. ಆ ಸುಮ್ಮನಿರುವಿಕೆಯೇ ಗೊಣಗಾಟಕ್ಕಿಂತ ಹೆದರಿಕೆ ಹುಟ್ಟಿಸಿತು. ಸುಮ್ಮನಾದಾಗಲೆಲ್ಲ ನಾನು, "ಮಾದೇವ, ಗಿರಿಜ ಏನು ಅಡಿಗೆ ಮಾಡ್ತಾಳೋ? ಹೇಳೋ," ಎಂದು ಅಲುಗಾಡಿಸುತ್ತಿದ್ದೆ. ಬಸವೇಶ್ವರನಗರದ ಆ ಮನೆಯ ಬಾಗಿಲಲ್ಲಿ ನಿಂತು ಗಿರಿಜಳಿಗೆ ಏನು ಹೇಳಬೇಕೆಂದು ತಲೆಯೊಳಗೆ ವಾಕ್ಯಗಳು ತಾವಾಗಿಯೇ ತಯಾರಾಗುತ್ತಿದ್ದವು. ಅವನ್ನು ತಡೆಯಲು ಆಗಲಿಲ್ಲ.

ನಡುಹಗಲಿನಲ್ಲಿ ಅಲ್ಪಕಾ ಎಂಬ ಉಣ್ಣೆಯ ಪ್ರಾಣಿಗಳನ್ನು ಮೇಯಿಸುವವರ ಗುಡಿಸಲುಗಳು ಸಿಕ್ಕವು. ತೊಮಾಸಮ್ಮ ಬಿಸಿನೀರಿಗೆ ಕೋಕಾ ಎಲೆ ಹಾಕಿಸಿ ಅವನಿಗೆ ಗುಟುಕು ಗುಟುಕಾಗಿ ಕುಡಿಸಿದಳು. ಅಲ್ಲಿಯೇ ಉಳಿಯೋಣವೇ ಎಂದೆ. ಬೇಡ, ಇನ್ನೂ ಎತ್ತರ, ಎಂದಳು. ಮತ್ತೆ ನಡೆಯುವಾಗ, ಹಿಂದೆ ತಿರುಗದೆ ಕೇಳಿದಳು:

"ನಿನ್ನೆ ಅವನು ತಿನ್ನಲಿಲ್ಲ. ನೀನು ನೋಡಿದೆ?"

"ನೋಡಿದೆ."

ಅವಳು ಬಯ್ಯಲಿಲ್ಲ. ಸೊಂಟದಿಂದ ಕದಿರು ತೆಗೆದಳು, ಕುದುರೆಯ ಹಗ್ಗವನ್ನು ತೋಳಿಗೆ ಸುತ್ತಿಕೊಂಡಳು, ನೂಲತೊಡಗಿದಳು. ಬಹಳ ಹೊತ್ತು ನಾನು ಆ ಕದಿರನ್ನೇ ನೋಡಿಕೊಂಡು ನಡೆದೆ. ಬೈದಿದ್ದರೆ ಉತ್ತರ ಕೊಡಬಹುದಾಗಿತ್ತು.

ಬಿಸಿಲು ಓರೆಯಾಗುವ ಹೊತ್ತಿಗೆ ಹುಲ್ಲು ಮುಗಿದು ಆಲೂಗಡ್ಡೆ ಹೊಲಗಳು ಶುರುವಾದವು. ಒಂದು ತಿರುವಿನಲ್ಲಿ ಮರಗಳು ಕಂಡವು. ನಾಲ್ಕು ದಿನದಿಂದ ಒಂದೂ ಮರ ನೋಡಿರಲಿಲ್ಲ. ಕುದುರೆಯ ಮೇಲಿಂದ ದನಿ ಬಂತು.

"ನೀಲಗಿರಿ ಮರ ಅಲ್ವೇನೋ ಅದು?"

ನಿಜಕ್ಕೂ ನೀಲಗಿರಿ ತೋಪೇ. ನಮ್ಮ ಮಲ್ಲತ್ತಹಳ್ಳಿಯ ಆಚೆ ಸಾಲಾಗಿ ನಿಂತಿರುತ್ತವಲ್ಲ, ಅದೇ ಮರ, ಅದೇ ವಾಸನೆ. "ಹೌದು ಕಣೋ," ಎಂದೆ. "ಇಲ್ಲಿಗೆ ಹೆಂಗೆ ಬಂತು?" ಎಂದ. ಅದು ಅವನದೇ ದನಿ. ನಾನು ಕುದುರೆಯ ಕತ್ತಿಗೆ ಮುಖ ಒತ್ತಿಕೊಂಡು ಅತ್ತೆ. ತೊಮಾಸಮ್ಮ ನಾನು ಅತ್ತು ಮುಗಿಸುವವರೆಗೆ ಕಾದು, ಹಗ್ಗ ಎಳೆದಳು.

ಸಂಜೆಗೆ ಪಿಟುಮಾರ್ಕಾ ಎಂಬ ಊರು ತಲುಪಿದೆವು. ಅಲ್ಲಿಂದ ಕುಸ್ಕೊಗೆ ವಾಹನವಿತ್ತು. ಮಾರನೇ ದಿನ ಬೆಳಿಗ್ಗೆ ತೊಮಾಸಮ್ಮ ಕುದುರೆಗಳ ಜೊತೆ ಮತ್ತೆ ಬೆಟ್ಟದ ಕಡೆ ಹೊರಟಳು. ಡೇರೆಯನ್ನೂ ಮಲಗುಚೀಲಗಳನ್ನೂ ನೀವೇ ಇಟ್ಟುಕೊಳ್ಳಿ ಎಂದೆ. ಸರಿ ಎಂದಳು. ಕೈಮುಗಿದೆ. ಅವಳು ನನ್ನ ಮುಗಿದ ಕೈಗಳನ್ನು ಬಿಡಿಸಿ, ಅಂಗೈಯಲ್ಲಿ ಒಂದಿಷ್ಟು ಕೋಕಾ ಎಲೆ ಇಟ್ಟು ಹೋದಳು.

ಅರೆಕಿಪಾ

ಕುಸ್ಕೊದ ಡಾಕ್ಟರು ಮಿದುಳಿಗೆ ನೀರು ತುಂಬಿಕೊಂಡಿತ್ತು ಎಂದರು. ಇನ್ನು ಅರ್ಧ ದಿನ ತಡವಾಗಿದ್ದರೆ, ಎಂದು ಶುರು ಮಾಡಿ ವಾಕ್ಯವನ್ನು ಮುಗಿಸಲಿಲ್ಲ. ಎತ್ತರಕ್ಕೆ ಮತ್ತೆ ಹೋಗಕೂಡದು. ರಸ್ತೆಯೂ ಘಾಟಿ ಹತ್ತಿ ಇಳಿಯುವುದರಿಂದ ವಿಮಾನದಲ್ಲೇ ಕೆಳಗಿನ ಊರಿಗೆ ಹೋಗಬೇಕು. ಹೀಗೆ ಅರೆಕಿಪಾಕ್ಕೆ ಬಂದೆವು. ಬಿಳಿ ಕಲ್ಲಿನ ಮನೆಗಳ, ಹದವಾದ ಹವೆಯ ಊರು. ಮೂರು ವಾರ ಅಲ್ಲಿದ್ದೆವು.

ಊರಿನ ಯಾವ ಬೀದಿಯಲ್ಲಿ ನಿಂತರೂ ಒಂದು ಜ್ವಾಲಾಮುಖಿ ಪರ್ವತ ಕಾಣುತ್ತದೆ. ಮಹಾದೇವ ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದ. ಮೈ ಸುಧಾರಿಸಿತು. ನನ್ನ ಜೊತೆ ಮಾತು ನಿಂತಿತು. ಐದನೇ ದಿನ ಒಮ್ಮೆ ಬಾಯಿ ಬಿಟ್ಟ:

"ತಲೆ ನೋಯ್ತಿತ್ತು, ಒಪ್ತೀನಿ. ನಡೀತಾ ಇದ್ನಲ್ಲ? ಮೂರು ಗಂಟೆ ದಾರಿ. ನೀನು ಹೆದ್ರಿಕೊಂಡೆ, ಆ ಯಮ್ಮನ್ನೂ ಹೆದರ್ಸಿದೆ. ಅಷ್ಟೇ."

ಅವನಿಗೆ ಏನೂ ನೆನಪಿರಲಿಲ್ಲ. ಕರಡಿಗೆ, ಕೆಂಗೇರಿ ಬಸ್ಸು, ಯಾವುದೂ. ಹೇಳಬೇಕೆಂದು ನಾಲಗೆಯ ತುದಿಯವರೆಗೆ ಬಂತು. ಬೆರಳಿನ ಕೆಲಸದಲ್ಲೇ ಬದುಕಿದ ಮನುಷ್ಯನಿಗೆ, ನಿನ್ನ ಬೆರಳು ನಿನ್ನ ದೇವರನ್ನು ಎತ್ತಿಡಲೂ ಆಗದೆ ಹೋಗಿತ್ತು ಎಂದು ಹೇಗೆ ಹೇಳುವುದು? ಇನ್ನೂ ಒಂದು ಕಾರಣವಿತ್ತು. ಹೇಳಲು ಶುರು ಮಾಡಿದರೆ ನಾನು ಹಿಂದಿನ ದಿನದ ಬಟ್ಟಲಿನಿಂದ ಶುರು ಮಾಡಬೇಕಿತ್ತು.

"ಊರಿಗೆ ಹೋಗೋಣ ನಡಿ," ಎಂದೆ.

"ಹೋಗಿ ಏನ್ ಹೇಳ್ಲಿ? ಇನ್ನೂ ಎರಡು ತಿಂಗ್ಳು ರಜಾ ಇದೆ. ನೀನು ಬೇಕಾದ್ರೆ ಹೋಗು."

ನಾನು ಹೋಗಲಿಲ್ಲ.

ಮರುಭೂಮಿ

ಕಡಲತೀರದ ರಸ್ತೆ ಹಿಡಿದು ಚಿಲಿ ದೇಶಕ್ಕೆ ಇಳಿದೆವು. ಎರಡು ಹಗಲು ಬಸ್ಸಿನ ಕಿಟಕಿಯಲ್ಲಿ ಹುಲ್ಲುಕಡ್ಡಿಯೂ ಕಾಣದ ನೆಲ. ಅಲ್ಲಲ್ಲಿ ಸೈನಿಕರು ಬಸ್ಸು ನಿಲ್ಲಿಸಿ ಕಾಗದ ಪತ್ರ ನೋಡುತ್ತಿದ್ದರು. ಆಗ ಅಲ್ಲಿ ಸೈನ್ಯದ ಆಡಳಿತ. ಜನ ಬಸ್ಸಿನಲ್ಲಿ ಮೆಲುದನಿಯಲ್ಲೇ ಮಾತಾಡುತ್ತಿದ್ದರು. ನಮ್ಮ ಊರಿನ ಬಸ್ಸಿನಲ್ಲಿ ಎಷ್ಟು ಗಲಾಟೆ, ಎಷ್ಟು ಬೈಗುಳ, ಯಾರಿಗೂ ಹೆದರದೆ ಸರಕಾರವನ್ನು ಎಷ್ಟು ಬೈಯುತ್ತೇವೆ! ಅದೂ ಒಂದು ಸಿರಿಯೆಂದು ನನಗೆ ಹೊಳೆದದ್ದು ಆ ಮರಳಿನ ನಡುವೆ.

ಪಕ್ಕದ ಸೀಟಿನ ಅಜ್ಜಿಯೊಬ್ಬಳು ನಮಗೆ ಬ್ರೆಡ್ಡು ಹಂಚಿದಳು. ನಾವು ಬೇರೆ ಬೇರೆ ಕಿಟಕಿ ನೋಡಿಕೊಂಡು ತಿನ್ನುವುದನ್ನು ಗಮನಿಸಿ, "ಅಣ್ಣತಮ್ಮಂದಿರೋ?" ಎಂದು ಕೇಳಿದಳು.

"ಅಲ್ಲ," ಎಂದ ಮಹಾದೇವ.

"ಹಾಗಾದರೆ ಜಗಳ ಬೇಗ ಮುಗಿಯುತ್ತದೆ," ಎಂದಳು. "ನನ್ನ ತಮ್ಮನ ಜೊತೆ ನಾನು ಮಾತು ಬಿಟ್ಟು ಇಪ್ಪತ್ತು ವರ್ಷ. ಈಗ ಅವನ ತಿಥಿಗೆ ಹೋಗುತ್ತಿದ್ದೇನೆ."

ಮುಂದಿನ ನಿಲ್ದಾಣದಲ್ಲಿ ಇಳಿದ ಮಹಾದೇವ ಎರಡು ಲೋಟ ಕಾಫಿ ತಂದ. ಒಂದನ್ನು ಅಜ್ಜಿಗೆ ಕೊಟ್ಟ. ಇನ್ನೊಂದನ್ನು ಅರ್ಧ ಕುಡಿದು, ಉಳಿದದ್ದನ್ನು ನನ್ನ ಕಡೆ ಚಾಚಿದ. ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೈಟು ಕುಡಿಯುವ ಹಾಗೆ.

ಅಲ್ಲಿಂದ ಸ್ವಲ್ಪ ಸ್ವಲ್ಪ ಮಾತು. ಸ್ಯಾಂಟಿಯಾಗೊ ದಾಟಿ, ರಸ್ತೆ ಮುಗಿಯುವಲ್ಲಿ ಹಡಗು ಹತ್ತಿ, ನಾಲ್ಕು ದಿನ ದ್ವೀಪಗಳ ನಡುವೆ ದಕ್ಷಿಣಕ್ಕೆ ಹೋದೆವು. ಹಡಗಿನ ಅಡಿಗೆಯವನಿಗೆ ಮಾಂಸ ಬೇಡವೆಂದು ನಾನು ಕೈಕಾಲು ಆಡಿಸಿ ವಿವರಿಸಿದ್ದೆ. ಅವನು ಹೆಮ್ಮೆಯಿಂದ ಹುರುಳಿಕಾಯಿ ಸೂಪು ತಂದಿಟ್ಟ. ಅದರಲ್ಲಿ ಹಂದಿಮಾಂಸದ ಚೂರುಗಳು ತೇಲುತ್ತಿದ್ದವು. "ಇದು ಮಾಂಸವಲ್ಲ, ರುಚಿಗೆ ಹಾಕಿದ್ದು," ಎಂದ. ಮಹಾದೇವ ಬಟ್ಟಲು ನೋಡಿದ, ನನ್ನನ್ನು ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ಬೆಟ್ಟ ಇಳಿದ ಮೇಲೆ ಮೊದಲ ನಗು.

ದಕ್ಷಿಣದ ಘಾಟಿ

ಖಂಡದ ಕೆಳತುದಿಯಲ್ಲಿ ಪರ್ವತಗಳು ಗಿಡ್ಡ. ಆದರೆ ಚಳಿ ಎಷ್ಟೆಂದರೆ, ಬೆಟ್ಟದ ಬುಡಕ್ಕೇ ಹಿಮನದಿಗಳು ಬಂದು ನಿಂತಿರುತ್ತವೆ. ನಾವು ನಡೆಯಲು ಹೊರಟ ದಾರಿಯ ಅತಿ ಎತ್ತರದ ಘಾಟಿ ಸಾವಿರದ ಇನ್ನೂರು ಮೀಟರ್. ಬಾಡಿಗೆಗೆ ತಂದ ಡೇರೆಯ ಮುಂದೆ ನಕಾಶೆ ಹರಡಿಕೊಂಡು ಮಹಾದೇವ ಹೇಳಿದ, "ಬೆಂಗ್ಳೂರೇ ಒಂಬೈನೂರಿದೆ ಕಣೋ. ಅತ್ತಿಗುಪ್ಪೆಯಿಂದ ಮುನ್ನೂರು ಮೀಟರ್ ಮೇಲೆ ಹೋದ್ರೆ ಇದು. ಇದಕ್ಕೆ ಯಾವ ಡಾಕ್ಟರೂ ಬೇಡ ಅನ್ನಲ್ಲ."

ಹಾಗೆಂದು ಸುಲಭವಾಗಿರಲಿಲ್ಲ. ಮೊಣಕಾಲುದ್ದ ಕೆಸರಿನ ಕಾಡು, ತೊಗಟೆ ಸುಲಿದ ಮರಗಳು, ಅದಾದ ಮೇಲೆ ಬರೀ ಕಲ್ಲು ಮತ್ತು ಗಾಳಿ. ಆ ಗಾಳಿಯನ್ನು ನಮ್ಮ ಆಷಾಢದ ಗಾಳಿಗೆ ಹೋಲಿಸಿ ಪ್ರಯೋಜನವಿಲ್ಲ. ಅದು ಮನುಷ್ಯನನ್ನು ಎತ್ತಿ ಪಕ್ಕಕ್ಕಿಡುತ್ತದೆ. ಕೊನೆಯ ಏರನ್ನು ಅರ್ಧ ತೆವಳಿಕೊಂಡೇ ಹತ್ತಿದೆವು. ತುದಿಗೆ ಬಂದಾಗ ಕೆಳಗೆ ಹಿಮದ ಸಮುದ್ರ. ನೀಲಿ ಬಿರುಕುಗಳು, ಕಣ್ಣು ಹೋಗುವವರೆಗೂ ಅದೇ. ನಾವು ಒಂದು ಬಂಡೆಯ ಮರೆಯಲ್ಲಿ ಕೂತೆವು. ಮಹಾದೇವ ಬಹಳ ಹೊತ್ತು ನೋಡಿದ. ಸಂತೋಷವಾಗಿದ್ದನೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಮೇಲೆ, ನನ್ನ ಕಡೆ ತಿರುಗದೆ ಕೇಳಿದ:

"ಆವತ್ತು ನಾನು ಏನಾದ್ರೂ ಅಂದ್ನೇನೋ?"

ಹೇಳಿದೆ. ಕರಡಿಗೆಯಿಂದ ಶುರು ಮಾಡಲಿಲ್ಲ. ಹಿಂದಿನ ದಿನದ ಸಾರಿನಿಂದ ಶುರು ಮಾಡಿದೆ. ತೊಮಾಸಮ್ಮ ಕೇಳಿದಾಗ ನಾನು ತಲೆಯಾಡಿಸಿದ್ದು, ನನಗೂ ಆ ಘಾಟಿ ಬೇಕಾಗಿದ್ದದ್ದು, ಬೆಳಿಗ್ಗೆ ಅವನ ಬೆರಳುಗಳು, ಕೆಂಗೇರಿ ಬಸ್ಸು, ಸಾರ್ ಎಂದದ್ದು. ಗಾಳಿಯ ಸದ್ದಿಗೆ ಕೂಗಿ ಹೇಳಬೇಕಾಗಿತ್ತು. ತಪ್ಪೊಪ್ಪಿಗೆಯನ್ನು ಕೂಗಿ ಹೇಳುವುದು ವಿಚಿತ್ರ. ಅದರಲ್ಲಿ ಮರೆಮಾಚಲು ಏನೂ ಉಳಿಯುವುದಿಲ್ಲ.

ಮಹಾದೇವ ತನ್ನ ಬೆರಳುಗಳನ್ನು ಕೈಗವಸಿನಿಂದ ಹೊರಗೆ ತೆಗೆದು, ಮಡಿಸಿ ಬಿಚ್ಚಿ ನೋಡಿಕೊಂಡ.

"ನೀನು ಹೇಳ್ಲಿಲ್ಲ ಅಂತೀಯ," ಎಂದ ಕೊನೆಗೆ. "ಹೇಳ್ಬೇಡ ಅಂದೋನು ನಾನು. ಇಬ್ರೂ ಸೇರ್ಕೊಂಡು ಆ ಯಮ್ಮನ ಕಣ್ಣಿಗೆ ಮಣ್ಣೆರಚಿದ್ವಿ. ಅವಳು ನಮ್ಮಿಬ್ರನ್ನೂ ಕೆಳಗೆ ತಂದ್ಳು."

"ಗಿರಿಜಂಗೆ..."

"ನಾನೇ ಹೇಳ್ತೀನಿ. ಎಲ್ಲಾ ಹೇಳ್ತೀನಿ. ನೀನು ಕಾಗದದಲ್ಲಿ ಗೀಗದದಲ್ಲಿ ಬರೀಬೇಡ." ಕೈಗವಸು ಹಾಕಿಕೊಳ್ಳುತ್ತ, "ನಿನ್ ಮೇಲೆ ಸಿಟ್ಟು ಹೋಗಿಲ್ಲ ಇನ್ನೂ. ಹೋಗತ್ತೆ," ಎಂದ.

ಅದಕ್ಕಿಂತ ಹೆಚ್ಚಿನದನ್ನು ನಾನು ನಿರೀಕ್ಷಿಸಿರಲಿಲ್ಲ. ಎದ್ದು ಆಚೆ ಬದಿಗೆ ಇಳಿಯತೊಡಗಿದೆವು. ದಾರಿ ಬಹಳ ಕಡಿದು. ಮರದ ಬೇರು ಹಿಡಿದುಕೊಂಡು ಕಾಲು ಇಳಿಬಿಡಬೇಕು. ಡಿಸೆಂಬರ್ ಅಲ್ಲಿ ಬೇಸಿಗೆಯಾದ್ದರಿಂದ ಹಗಲು ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದ. ಮುಂದಿನ ತಂಗುದಾಣಕ್ಕೆ ಮೂರು ಗಂಟೆ ನಡಿಗೆ ಎಂದು ನಕಾಶೆ ಹೇಳುತ್ತಿತ್ತು. ಅರ್ಧ ಗಂಟೆ ಇಳಿಯುವಷ್ಟರಲ್ಲಿ ನನ್ನ ಬಲ ಮೊಣಕಾಲಿನಲ್ಲಿ ನೋವು ಶುರುವಾಯಿತು. ಹಲ್ಲು ಕಚ್ಚಿಕೊಂಡು ನಡೆದೆ. ಮುಂದಿದ್ದ ಮಹಾದೇವ ನನ್ನ ಕೋಲಿನ ಸದ್ದು ಬದಲಾದದ್ದನ್ನು ಕೇಳಿಸಿಕೊಂಡಿರಬೇಕು. ನಿಂತು ತಿರುಗಿದ.

"ಕಾಲು ನೋಯ್ತಿದ್ಯಾ?"

"ಹ್ಞೂ, ಮೊಣಕಾಲು."

"ಎಷ್ಟು?"

ಸ್ವಲ್ಪ ಎಂದು ಹೇಳಲು ಬಾಯಿ ತೆರೆದೆ. ಅವನು ಕಾಯುತ್ತಿದ್ದ.

"ಜಾಸ್ತಿ," ಎಂದೆ.

ಅವನು ಬೆನ್ನುಚೀಲ ಇಳಿಸಿ, ಡೇರೆ ಹಾಕಲು ಮಟ್ಟಸವಾದ ಜಾಗ ಹುಡುಕತೊಡಗಿದ.